ಎಂಐಡಿಸಿ ನಾಕಾ ಬರುವುದರೊಳಗೆ ಕಣ್ಣು

ಆ ಚಾದರ ಈಗಲೂ ನಮ್ಮ ಮನೆಯಲ್ಲಿದೆ. ಅದರ ಅಂಚಿನ ಕಪ್ಪು ಪಟ್ಟೆಯ ನಡುವೆ ಬೆರಳಿನಗಲ ಗಾಢ ನೀಲಿ ಎಳೆಗಳು ಈ ತುದಿಯಿಂದ ಆ ತುದಿಯವರೆಗೆ ಓಡಿವೆ. ಅದನ್ನು ನೇಯ್ದವನು ನಮ್ಮಪ್ಪ. ನೇಯುವುದು ಅಪ್ಪನ ಕೆಲಸವಲ್ಲ. ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಶೆಡ್ಡಿನಲ್ಲಿ ಅವನು ಜಾಬರ್, ಅಂದರೆ ಮಗ್ಗ ಕೆಟ್ಟರೆ ಬಿಚ್ಚಿ ಸರಿಮಾಡುವ ಮಿಸ್ತ್ರಿ. ಅವತ್ತು ಒಬ್ಬ ನೇಕಾರ ಮದುವೆಗೆಂದು ಹೋಗಿದ್ದ. ಮಗ್ಗ ಖಾಲಿ ನಿಲ್ಲಬಾರದೆಂದು ಅಪ್ಪ ತಾನೇ ನಡೆಸಿದ. ಹಾಸಿನ ಕೆಲವು ಕಪ್ಪು ಎಳೆಗಳು ಕಡಿದವು. ಅವುಗಳ ಜಾಗಕ್ಕೆ ಬೇರೆ ಎಳೆ ಎಳೆದು ಗಂಟು ಹಾಕುವಾಗ ನೀಲಿ ನೂಲಿನ ಉಂಡೆಗೆ ಕೈ ಹಾಕಿದ. ಎಂಟು ಚಾದರ ಹೊರಬಂದ ಮೇಲೆ ಅದು ಶೆಡ್ಡಿನ ಮಾಲಕ ಶೇಟನ ಕಣ್ಣಿಗೆ ಬಿತ್ತು.

ಶೇಟ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಂಟರಲ್ಲಿ ಒಂದನ್ನು ಮಡಚಿ ಅಪ್ಪನ ಕೈಗೆ ಕೊಟ್ಟು, "ಕಾಕಾ, ಮನಿಗೆ ಒಯ್ರಿ. ದಿವಾಳಿ ಹಬ್ಬದೊಳಗ ಕಣ್ಣ ಮಾಡಿಸ್ಕೊಳ್ರಿ. ಇಲ್ಲಾಂದ್ರ ಗೇಟಿಗೆ ಕುಂದ್ರಾಕ ಒಬ್ಬರು ಬೇಕಾಗ್ಯಾರ," ಅಂದನಂತೆ.

ಗೇಟಿನಲ್ಲಿ ಒಂದು ಸ್ಟೂಲು ಇದೆ. ಅಪ್ಪನಿಗಿಂತ ಮೊದಲು ಜಾಬರ್ ಆಗಿದ್ದ ಮುದುಕ ಅದರ ಮೇಲೆ ಕೋಲು ಹಿಡಿದು ಕೂತು ಹೋಗಿಬರುವ ಟೆಂಪೊಗಳ ನಂಬರು ಬರೆದುಕೊಳ್ಳುತ್ತಿದ್ದ. ಅವನು ಊರಿಗೆ ಹೋದ ಮೇಲೆ ಸ್ಟೂಲು ಖಾಲಿಯಿತ್ತು. ಪಗಾರದಲ್ಲಿ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಮಗ್ಗ ನಿಂತಾಗ ಗೇಟಿನವನನ್ನು ಯಾರೂ ಕರೆಯುವುದಿಲ್ಲ. ಅಪ್ಪ ಹೆದರಿದ್ದು ಅದಕ್ಕೆ.

ಮನೆಗೆ ಬಂದವನೇ ಟ್ಯೂಬ್‌ಲೈಟಿನ ಕೆಳಗೆ ಚಾದರ ಹಾಸಿ, "ಇದು ಕಪ್ಪ ಐತಿ. ಶೇಟಗ ಕಣ್ಣ ಕಾಣವಲ್ದು," ಅಂದ.

"ನೀಲಿ ಐತ್ರಿ," ಅಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ನಾನೂ ನೀಲಿ ಅಂದೆ. ನನಗೆ ಚೆನ್ನಾಗಿ ನೆನಪಿದೆ.

ನೆನಪಿದೆ ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ನಾನು ಅಕ್ಕಲಕೋಟದ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದೆ. ಅಲ್ಲಿಂದ ತಂದದ್ದು ಒಂದು ಸರ್ಟಿಫಿಕೇಟು ಮತ್ತು ಯಾವುದನ್ನೂ ನಂಬದಿರುವ ಒಂದು ಚಟ. ಅವ್ವ ಗುರುವಾರ ಅಕ್ಕಲಕೋಟಕ್ಕೆ ದರ್ಶನಕ್ಕೆ ಬರುತ್ತಾಳೆ, ನಾನು ಅದೇ ಬಸ್ಸಿನಲ್ಲಿ ಬಂದು ಅವಳನ್ನು ಗುಡಿಯ ಹಾದಿಗೆ ಬಿಟ್ಟು, ಒಳಗೆ ಹೋಗದೆ ಕಾಲೇಜಿಗೆ ಹೋಗುತ್ತೇನೆ. ಈಚೆಗೆ ಆ ಚಟ ನನ್ನ ನೆನಪಿನ ಮೇಲೆಯೇ ತಿರುಗಿದೆ. ಅದಕ್ಕೆ ಕಾರಣ ಅಪ್ಪನ ಕಣ್ಣು.

ಸೋಲಾಪುರದ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ಬಂದಿದೆ ಎಂದರು, ಎರಡೂ ಕಣ್ಣಿಗೆ, ಬಲಗಣ್ಣಿಗೆ ಹೆಚ್ಚು. ದಿನ ಗೊತ್ತಾಯಿತು. ಔಷಧದ ಹನಿ ಹಾಕಿದರು, ಕಣ್ಣಪಾಪೆ ಅಗಲವಾಯಿತು, ಹಸಿರು ಟೊಪ್ಪಿಗೆ ಹಾಕಿ ಒಳಗೆ ಕರೆದೊಯ್ದರು. ಕಾಲು ತಾಸಿನಲ್ಲಿ ಅಪ್ಪ ಟೊಪ್ಪಿಗೆಯ ಸಮೇತ ಹೊರಗೆ ಬಂದ. ಕಣ್ಣಿಗೆ ಬೆಳಕು ತಡೆಯಲಾಗದೆ ಅವ್ವನ ಸೆರಗು ಹಿಡಿದುಕೊಂಡ.

"ಮುಗೀತೇನ್ರಿ?"

"ಎಲ್ಲಿ ಮುಗೀತದ. ಕಣ್ಣ ಹ್ಯಾಂಗ ನಡಿತೈತಿ ಅಂತ ಕೇಳಿದ್ನಿ. ಹತ್ತ ಮಿನಿಟಿನ ಕೆಲಸ ಕಾಕಾ, ಟೆನ್ಶನ್ ಘೇಊ ನಕಾ, ಅಂಜಬ್ಯಾಡ್ರಿ, ಅಂತಾರ. ಹತ್ತ ಮಿನಿಟಿನ ಕೆಲಸ ಅನ್ನೋ ಮಿಸ್ತ್ರಿ ಮಗ್ಗ ಕೆಡಿಸಿ ಹೋಗ್ತಾನ."

ಹಾಗೆ ಹೇಳಿದ್ದು ಒಬ್ಬ ಮೀಸೆಯ ಡಾಕ್ಟರು ಎಂದು ನಾನು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವ್ವನ ಪ್ರಕಾರ ಡಾಕ್ಟರು ಹೆಣ್ಣುಮಗಳು. ಮೀಸೆ ಇದ್ದದ್ದು ಕೇಸಪೇಪರ್ ಬರೆದುಕೊಂಡ ಕಾರಕೂನನಿಗೆ.

ಅಪ್ಪನ ಕೇಳಿಕೆ ಹುಚ್ಚಾಟವಲ್ಲ, ಅವನ ಕಸುಬಿನ ಕಟ್ಟಳೆ. ಅವನ ಕೈಕೆಳಗೆ ಕಲಿಯಲು ಬಂದವರಿಗೆ ಮೊದಲ ತಿಂಗಳು ಬೋಲ್ಟು ಬಿಚ್ಚುವ ಪಾನಾ ಮುಟ್ಟಲು ಬಿಡುವುದಿಲ್ಲ. ಕಣ್ಣು ಮುಚ್ಚಿ ನಿಂತು, ಮೋಟಾರಿನ ಪಟ್ಟಾದಿಂದ ಹಿಡಿದು ಲಾಳಿ ಆ ಕಡೆಯ ಪೆಟ್ಟಿಗೆ ಸೇರುವವರೆಗೆ, ಯಾವುದರ ಹಿಂದೆ ಯಾವುದು ಅಲುಗುತ್ತದೆ ಎಂದು ಬಾಯಲ್ಲಿ ಹೇಳಬೇಕು. ತಪ್ಪಿದರೆ ಮತ್ತೆ ಪಟ್ಟಾದಿಂದ. "ಹ್ಯಾಂಗ ನಡಿತೈತಿ ಅಂತ ಹೇಳಾಕ ಬರದಾಂವ ಬಿಚ್ಚಬಾರದು" ಅನ್ನುವುದು ಅವನ ಮಾತು. ಈಗ ಅದನ್ನು ತನ್ನ ಕಣ್ಣಿಗೂ ಹಚ್ಚಿದ್ದ.

"ಡಾಕ್ಟರಿಗೆ ಹೇಳಾಕ ಪುರಸೊತ್ತಿಲ್ಲ. ನಮ್ಮ ಮನ್ಯಾಗ ಎಂ.ಎಸ್ಸಿ. ಐತಲ್ಲ. ಅದು ಹೇಳಲಿ. ನನಗ ತಿಳೀತಂದ್ರ ಮರುದಿನಾನ ಹೋಗಿ ಮಲಗ್ತೀನಿ."

ಹೀಗೆ ಅಪ್ಪನ ಬಲಗಣ್ಣು, ಗೇಟಿನ ಸ್ಟೂಲು ಎರಡೂ ನನ್ನ ಓದಿನ ಮೇಲೆ ಬಂದು ನಿಂತವು. ದಿವಾಳಿಗೆ ಒಂದೂವರೆ ತಿಂಗಳಿತ್ತು.

ಅಪ್ಪ ಮತ್ತು ನಾನು ಬೆಳಿಗ್ಗೆ ಒಂದೇ ಎಸ್‌ಟಿ ಬಸ್ಸು ಹತ್ತುತ್ತೇವೆ. ಅಪ್ಪ ಎಂಐಡಿಸಿ ನಾಕಾದ ಸ್ಟಾಪಿನಲ್ಲಿ ಇಳಿಯುತ್ತಾನೆ, ನಾನು ಮುಂದೆ ಅಕ್ಕಲಕೋಟಕ್ಕೆ. ನಾಕಾ ಬರಲು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮನೆಯಲ್ಲಿ ಅಪ್ಪ ಉಣ್ಣುತ್ತಾನೆ, ಮಲಗುತ್ತಾನೆ. ಪಾಠಕ್ಕೆ ಉಳಿದದ್ದು ಆ ಇಪ್ಪತ್ತು ನಿಮಿಷ.

ಮೊದಲ ದಿನ ನಾನು ಎಲ್ಲ ಮಾಸ್ತರರೂ ಹೇಳುವುದನ್ನೇ ಹೇಳಿದೆ: ಕಣ್ಣು ಕ್ಯಾಮೆರಾ ಇದ್ದಂತೆ.

"ಬರೋಬರ. ಕ್ಯಾಮೆರಾ ಫೋಟೊ ತಗೀತೈತಿ. ಆ ಫೋಟೊ ಯಾರ ನೋಡ್ತಾರ?"

"ಮೆದುಳು."

"ಮೆದುಳಿಗೆ ಕಣ್ಣ ಅದಾವೇನು?"

ನಮ್ಮ ಹಿಂದಿನ ಸೀಟಿನಲ್ಲಿ ಹನ್ನೂರಿನ ಹಾಲಿನವನೊಬ್ಬ ಖಾಲಿ ಕ್ಯಾನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ಅವನು ಮುಂದೆ ಬಾಗಿ, "ಕಾಕಾ ಬರೋಬರ ಕೇಳ್ಯಾರ್ರಿ ಸರ್," ಅಂದ. ನಾನು ಉತ್ತರ ಹುಡುಕುವುದರಲ್ಲಿ ನಾಕಾ ಬಂತು.

ಮರುದಿನ ಸೋಲಾರ್ ಪ್ಲೇಟಿನ ಹೋಲಿಕೆ ತಂದೆ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಸಣ್ಣ ಸಣ್ಣ ಕೋಶಗಳಿವೆ, ಬೆಳಕು ಬಿದ್ದರೆ ಅವು ಚಾಲೂ ಆಗುತ್ತವೆ, ಕರೆಂಟು ಹುಟ್ಟುತ್ತದೆ, ನರದ ವೈರಿನಲ್ಲಿ ಅದು ಮೆದುಳಿಗೆ ಹೋಗುತ್ತದೆ. ಹೇಳುತ್ತ ಹೇಳುತ್ತ ನನಗೇ ಅದು ಬಹಳ ಚೆಂದ ಕಂಡಿತು.

ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿದ. "ಈಗ ಬೆಳಕಿಲ್ಲ. ಹೌದಲ್ಲ? ಅಂದ ಮ್ಯಾಲ ಎಲ್ಲಾ ಬಂದ್. ಮತ್ತ ಈ ಕತ್ತಲ ಐತಿ ಅಂತ ನನಗ ಯಾರ ಬಂದ ಹೇಳಾಕತ್ತಾರ?"

"ಕರೆಂಟು ಬರ್ಲಿಲ್ಲ ಅಂದ್ರ ಕತ್ತಲ ಅಂತ ತಿಳಿಯೂದು."

"ಕರೆಂಟ ಬರ್ಲಿಲ್ಲ ಅಂದ್ರ ವೈರ ಕಡದೈತಿ ಅಂತಾನೂ ಆಗತೈತಿ. ಎರಡರಾಗ ಯಾವದು ಅಂತ ಹ್ಯಾಂಗ ಗೊತ್ತಾಗಬೇಕು ತಮ್ಮಾ?"

ಕಂಡಕ್ಟರ್ ತಿಕೀಟು ಹರಿಯುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದ. "ಸರ್‌ಗೆ ಟೈಮ ಕೊಡ್ರಿ ಕಾಕಾ," ಅಂದ. ಅದು ಬೆಂಬಲವೋ ಗೇಲಿಯೋ ಇವತ್ತಿಗೂ ತಿಳಿದಿಲ್ಲ.

ಆ ಸಂಜೆ ಟ್ರಂಕಿನಿಂದ ಎಂ.ಎಸ್ಸಿ. ನೋಟುಬುಕ್ಕು ತೆಗೆದೆ. ಶರೀರಕ್ರಿಯೆಯ ಪೇಪರಿನಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು. ಕಣ್ಣಿನ ಪ್ರಶ್ನೆಯನ್ನೇ ಬರೆದಿದ್ದೆ. ತೆರೆದು ನೋಡಿದರೆ, ನನ್ನದೇ ಅಕ್ಷರದಲ್ಲಿ, ಕೆಂಪು ಶಾಯಿಯ ಅಡಿಗೆರೆಯ ಸಮೇತ, ನಾನು ಬಸ್ಸಿನಲ್ಲಿ ಹೇಳಿದ್ದರ ತದ್ವಿರುದ್ಧ ಬರೆದಿತ್ತು. ಕೋಶ ಚಾಲೂ ಇರುವುದು ಕತ್ತಲಲ್ಲಿ. ಆಗ ಅದರ ಬಾಗಿಲುಗಳು ತೆರೆದಿರುತ್ತವೆ, ಸೋಡಿಯಂ ಒಳಗೆ ಹರಿಯುತ್ತಿರುತ್ತದೆ, ಕೋಶ ಪಕ್ಕದ ಕೋಶಕ್ಕೆ ಬಿಡುವಿಲ್ಲದೆ ಒಂದು ರಾಸಾಯನಿಕ ಸುರಿಸುತ್ತಿರುತ್ತದೆ. ಬೆಳಕಿನ ಒಂದು ಕಣ ಬಂದು ಬಡಿಯಿತೆಂದರೆ, ವಿಟಮಿನ್ ಎ ಇಂದ ಆದ, ಮೊಣಕೈಯಂತೆ ಬಾಗಿದ ಒಂದು ಅಣು ನೆಟ್ಟಗಾಗುತ್ತದೆ. ಅದು ಇನ್ನೊಂದನ್ನು ತಟ್ಟಿ, ಇನ್ನೊಂದು ಮತ್ತೊಂದನ್ನು ತಟ್ಟಿ, ಕೊನೆಗೆ ಬಾಗಿಲು ಮುಚ್ಚುತ್ತದೆ. ಸುರಿಯುವುದು ಕಡಿಮೆಯಾಗುತ್ತದೆ. ಆ ಕಡಿಮೆಯಾದದ್ದೇ ಸುದ್ದಿ. ಪಕ್ಕದ ಕೋಶ ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ, ಕೊನೆಗೆ ನರದ ಮಿಡಿತವಾಗಿ ಅದು ಮೆದುಳಿಗೆ ಹೋಗುತ್ತದೆ.

ಇದನ್ನು ಬರೆದು ಅಂಕ ಪಡೆದವನು ನಾನೇ. ಅಷ್ಟು ವರ್ಷ ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಉಲ್ಟಾ. ಬಹುಶಃ ಮೊದಲಿಂದಲೂ ಉಲ್ಟಾನೇ ಇತ್ತು, ಪರೀಕ್ಷೆಯಲ್ಲಿ ಬಾಯಿಪಾಠ ನನ್ನನ್ನು ದಾಟಿಸಿತು. ಅವತ್ತಿನಿಂದ ನಾನು "ಚೆನ್ನಾಗಿ ನೆನಪಿದೆ" ಎನ್ನುವವರನ್ನು ಅನುಮಾನದಿಂದ ನೋಡುತ್ತೇನೆ, ಕನ್ನಡಿಯಲ್ಲಿ ಸಹ.

ಮೂರನೆಯ ದಿನ ಬಸ್ಸಿನಲ್ಲಿ ತಪ್ಪೊಪ್ಪಿಕೊಂಡೆ. ನಾಲ್ಕು ಸೀಟಿನವರು ಕಿವಿಗೊಟ್ಟಿದ್ದರು.

"ಕತ್ತಲಾಗ ಚಾಲೂ, ಬೆಳಕಿನ್ಯಾಗ ಬಂದ್?" ಅಂದ ಅಪ್ಪ.

"ಹೌದು."

"ನಿನ್ನಿ ಉಲ್ಟಾ ಹೇಳಿದಿ."

"ನಿನ್ನಿ ತಪ್ಪಿತ್ತು."

"ಇವತ್ತಿಂದು ನಾಳಿ ತಪ್ಪಾಗೂದಿಲ್ಲ ಅಂತ ಏನ ಗ್ಯಾರಂಟಿ?"

ಕಂಡಕ್ಟರ್ ಕಂಬಕ್ಕೆ ಆನಿಕೊಂಡು ಕೇಳಿದ: "ಸರ್, ಇದನ್ನ ಕಾಲೇಜಿನ್ಯಾಗ ಹಿಂಗ ಕಲಸ್ತೀರೇನ್ರಿ? ನಮ್ಮ ಪೋರಿ ಮುಂದಿನ ವರ್ಷ ಸೈನ್ಸಿಗೆ ಬರೋಳದಾಳ್ರಿ. ಈಗ ಕಾಮರ್ಸ್ ಅನ್ನಾಕತ್ಯಾಳ."

ಇಡೀ ಬಸ್ಸು ನಕ್ಕಿತು. ಅಪ್ಪ ನಗಲಿಲ್ಲ. ಅವನು ಗಂಭೀರವಾಗಿ ಯಂತ್ರದ ಬಗ್ಗೆ ಯೋಚಿಸುತ್ತಿದ್ದ. "ಇಡೀ ರಾತ್ರಿ ನಡಸಿ, ಬೇಕಾದಾಗ ಬಂದ್ ಮಾಡೂದಂದ್ರ ಕರೆಂಟ ಎಷ್ಟ ಹಾಳ. ಹಂಗ ಯಾಂವ ಮಾಡಿದಾನ ಇದನ್ನ?" ಎನ್ನುತ್ತ ನಾಕಾದಲ್ಲಿ ಇಳಿದುಹೋದ. ಇಳಿಯುವಾಗ ಮೆಟ್ಟಿಲು ಕಾಣದೆ ಎಡವಿದ. ಹಾಲಿನವನು ರಟ್ಟೆ ಹಿಡಿದ.

ಆಮೇಲಿನ ದಿನಗಳಲ್ಲಿ ಏನೇನು ಹೇಳಿದೆನೋ ಲೆಕ್ಕವಿಲ್ಲ. ನೀರು ಬಿಟ್ಟ ನಳ, ಬಂದ್ ಮಾಡಿದ ನಳ. ಅಳುವ ಕೂಸು, ಸುಮ್ಮನಾದ ಕೂಸು. ಕೂಸಿನ ಉದಾಹರಣೆಗೆ ಅವ್ವನಿಂದ ಸ್ವಲ್ಪ ಮೆಚ್ಚುಗೆ ಸಿಕ್ಕಿತು. ಅಪ್ಪ, "ನಾ ಕೂಸ ಬಿಚ್ಚಿ ರಿಪೇರಿ ಮಾಡೂದಿಲ್ಲ," ಅಂದ. ವಿಟಮಿನ್ನಿನ ಮಾತು ಕೇಳಿದ ಅವ್ವ ದಿನಾ ಗಜ್ಜರಿ ಪಲ್ಯ ಮಾಡತೊಡಗಿದಳು. ಅದರಿಂದ ಪೊರೆ ಹೋಗುವುದಿಲ್ಲ ಎಂದು ನಾನು ಹೇಳಿದರೆ, "ನಿನಗೇನ ಗೊತ್ತು, ನಿನ್ನಿ ಹೇಳಿದ್ದ ಇವತ್ತ ತಪ್ಪು ಅನ್ನಾಂವ," ಅಂದಳು. ನವರಾತ್ರಿ ಬಂತು. ದಿವಾಳಿ ಹತ್ತಿರವಾಯಿತು. ಶೇಟರು ಗೇಟಿನ ಸ್ಟೂಲಿಗೆ ಹೊಸ ಬಣ್ಣ ಹೊಡೆಸಿದ್ದಾರೆ ಎಂಬ ಸುದ್ದಿಯನ್ನು ಅಪ್ಪನೇ ತಂದ, ಯಾವುದೋ ಬೇರೆಯವರ ಮನೆಯ ಸುದ್ದಿಯಂತೆ.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಶೆಡ್ಡಿನಲ್ಲಿ ಮಗ್ಗಗಳ ಪೂಜೆ. ಮನೆಮಂದಿ ಎಲ್ಲ ಹೋಗುವುದು ರೂಢಿ. ನಾನು ಬಹಳ ವರ್ಷಗಳಿಂದ ಹೋಗಿರಲಿಲ್ಲ. ಅವತ್ತು ಅವ್ವ ಹೋಳಿಗೆಯ ಡಬ್ಬಿ ಕೈಗೆ ಕೊಟ್ಟು ಎಳೆದುಕೊಂಡು ಹೋದಳು. ನಾವು ತಲುಪಿದಾಗ ರಾತ್ರಿ ಪಾಳಿ ಮುಗಿಯಲು ಇನ್ನೂ ಅರ್ಧ ತಾಸಿತ್ತು. ನಲವತ್ತು ಮಗ್ಗಗಳು ನಡೆಯುತ್ತಿದ್ದವು. ಆ ಗದ್ದಲದಲ್ಲಿ ಮಾತೆಂದರೆ ಕಿವಿಗೆ ಬಾಯಿ ಹಚ್ಚಿ ಕೂಗುವುದು. ಅಪ್ಪ ನಮ್ಮ ಕಡೆ ಮುಖ ಮಾಡಿ, ಮಗ್ಗಗಳಿಗೆ ಬೆನ್ನು ತಿರುಗಿಸಿ, ಬಶಿಯಲ್ಲಿ ಚಹಾ ಕುಡಿಯುತ್ತಿದ್ದ. ನಡುವೆಯೇ ಬಶಿ ಕೆಳಗಿಟ್ಟು, ಹಿಂದಿರುಗಿ ನೋಡದೆ, ಕೈ ಎತ್ತಿ ಬಲಮೂಲೆಗೆ ಬೆರಳು ತೋರಿಸಿ ಆ ಕಡೆಗೆ ನಡೆದ. ನಾನು ನೋಡಿದೆ. ಮೂಲೆಯಲ್ಲಿ ಒಂದು ಮಗ್ಗ ನಿಂತಿತ್ತು. ಹೊಕ್ಕಿನ ನೂಲು ಕಡಿದರೆ ಸಣ್ಣದೊಂದು ಮುಳ್ಳು ಸಿಕ್ಕಿಕೊಂಡು ಮಗ್ಗ ತಾನಾಗಿ ನಿಲ್ಲುತ್ತದೆ. ಮೂವತ್ತೊಂಬತ್ತು ಇನ್ನೂ ನಡೆಯುತ್ತಿದ್ದವು. ನನ್ನ ಕಿವಿಗೆ ಗದ್ದಲದಲ್ಲಿ ಕೂದಲೆಳೆಯ ವ್ಯತ್ಯಾಸವೂ ತಿಳಿದಿರಲಿಲ್ಲ.

ತಿರುಗಿ ಬಂದ ಅಪ್ಪನ ಕಿವಿಯಲ್ಲಿ ಕೂಗಿದೆ: "ಹ್ಯಾಂಗ ಗೊತ್ತಾತು?"

"ಕೇಳಿಸ್ತು."

"ಏನ ಕೇಳಿಸ್ತು? ಅದು ಬಂದ್ ಆಗೇತಿ."

"ಬಂದ್ ಆಗಿದ್ದ ಕೇಳಿಸ್ತು."

ಮುಂದಿನದು ನನ್ನ ನೆನಪಿನ ಪ್ರಕಾರ ಹೀಗೆ: ನಾನು ಅಪ್ಪನ ತೋಳು ಹಿಡಿದು, ಕಣ್ಣೂ ಇದೇ ಎಂದು ಕೂಗಿದೆ. ಕೋಶ ಅಂದರೆ ಮಗ್ಗ. ಕತ್ತಲೆಂದರೆ ಈ ಗದ್ದಲ. ಬೆಳಕಿನ ಕಣ ಬಂದು ಬಡಿಯಿತೆಂದರೆ ಒಂದು ನೂಲು ಕಡಿದಂತೆ, ಮಗ್ಗ ಸುಮ್ಮನಾಗುತ್ತದೆ. ಪಕ್ಕದ ಕೋಶ ನಿನ್ನ ಹಾಗೆ ಜಾಬರ್. ಅದು ಸದ್ದು ಕೇಳುವುದಿಲ್ಲ, ಸದ್ದು ನಿಂತದ್ದನ್ನು ಕೇಳುತ್ತದೆ, ಎದ್ದು ಓಡುತ್ತದೆ.

ಅವ್ವನ ನೆನಪು ಬೇರೆ. ನಾನು ಹೋಳಿಗೆ ಡಬ್ಬಿ ಹಿಡಿದು ಬಾಯಿ ತೆರೆದು ನಿಂತಿದ್ದೆ, "ಇಂವ ಮೂರ ವಾರದಿಂದ ಹೇಳಾಕತ್ತಿದ್ದು ಇದ ಅಲ್ಲೇನ್ರಿ?" ಎಂದವಳು ತಾನು. ಅಪ್ಪನ ಪ್ರಕಾರ ಯಾರೂ ಏನೂ ಅನ್ನಲಿಲ್ಲ. ಆ ಗದ್ದಲದಲ್ಲಿ ಅಂದಿದ್ದರೂ ಕೇಳುತ್ತಿರಲಿಲ್ಲ. ಮೂವರಲ್ಲಿ ಯಾರನ್ನು ನಂಬಬೇಕೆಂದು ನನ್ನನ್ನು ಕೇಳಿದರೆ, ಶಾಸ್ತ್ರದ ಪ್ರಕಾರ ಮೂವರನ್ನೂ ನಂಬಬಾರದು.

ಅಷ್ಟರಲ್ಲಿ ಪಾಳಿ ಮುಗಿದು ಪೂಜೆಗೆಂದು ಒಂದೊಂದೇ ಮಗ್ಗ ನಿಲ್ಲಿಸುತ್ತ ಬಂದರು. ಕೊನೆಯದು ನಿಂತಿತು. ವರ್ಷದಲ್ಲಿ ಒಂದೆರಡು ಸಲ ಮಾತ್ರ ಆ ಶೆಡ್ಡಿಗೆ ಬರುವ ಮೌನ. ಅಪ್ಪ ಅದರ ನಡುವೆ ನಿಂತು ಸುತ್ತ ನೋಡಿದ. ಎಷ್ಟು ಕಂಡಿತೋ ಗೊತ್ತಿಲ್ಲ.

"ಹಂಗಾರ ಮಧ್ಯಾಹ್ನದ ಬಿಸಲಂದ್ರ ಕಣ್ಣಿಗೆ ಖಂಡೇನವಮಿ," ಅಂದ.

ನಾನು ಹೌದು ಅಂದೆ. ಅದಕ್ಕಿಂತ ಚೆನ್ನಾಗಿ ಯಾವ ನೋಟುಬುಕ್ಕೂ ಹೇಳಿರಲಿಲ್ಲ.

"ಬರೋಬರ. ತಿಳೀತು. ಈಗ ಹೇಳು, ನನ್ನ ಕಣ್ಣಾಗ ಯಾವ ಮಗ್ಗ ಕೆಟ್ಟಾವು?"

"ಒಂದೂ ಕೆಟ್ಟಿಲ್ಲ."

"ಅಂದ್ರ?"

"ಮಗ್ಗ ಎಲ್ಲಾ ನೆಟ್ಟಗ ಅದಾವು. ಮುಂದ ಒಂದ ಕಾಜಿನಂಥಾದ್ದು ಇರತೈತಿ, ಬೆಳಕ ಒಳಗ ಬರೂದು ಅದರಾಗಿಂದ. ಅದು ಮಬ್ಬ ಆಗೇತಿ. ಅದನ್ನ ತಗದು ಹೊಸಾದು ಕೂಡಸ್ತಾರ."

ಅಪ್ಪ ತಲೆಯೆತ್ತಿದ. ತಗಡಿನ ಮಾಡಿನಲ್ಲಿ ಬೆಳಕಿಗೆಂದು ನಡುನಡುವೆ ಹಾಕಿದ ಪಾರದರ್ಶಕ ಶೀಟುಗಳಿವೆ. ವರ್ಷವಿಡೀ ಹತ್ತಿಯ ಧೂಳು ಕೂತು ಹಳದಿಯಾಗುವ ಆ ಶೀಟುಗಳನ್ನು ತೊಳೆಯುವುದು ಈ ಒಂದು ದಿನ. ಒಬ್ಬ ನೇಕಾರ ಏಣಿ ಹತ್ತಿ ಒಳಗಿನಿಂದ ಒದ್ದೆ ಬಟ್ಟೆ ಎಳೆದ. ಬಟ್ಟೆ ಹೋದಲ್ಲೆಲ್ಲ ಬಿಸಿಲು ಕೆಳಗೆ ಬಿತ್ತು. ಅಪ್ಪ ಅದನ್ನು ನೋಡಿ, ನನ್ನ ಕಡೆ ತಿರುಗಿದ.

"ಮತ್ತ ಇಷ್ಟ ದಿನ ಬಸ್ಸಿನ್ಯಾಗ ಕೋಶ, ಕರೆಂಟು, ಕೂಸು ಅಂತ ಯಾಕ ಹೇಳಿದಿ? ಅವ್ರು ಯಂತ್ರಕ್ಕ ಕೈ ಹಚ್ಚೂದಿಲ್ಲ, ಮಾಡಿನ ಶೀಟ ಬದಲಿ ಮಾಡ್ತಾರ ಅಂತ ಹೇಳಿದ್ರ ಮೊದಲನೇ ದಿನಾನ ಮಲಗ್ತಿದ್ನಲ್ಲ."

"ನೀ ಕೇಳಿದ್ದು ಕಣ್ಣ ಹ್ಯಾಂಗ ನಡಿತೈತಿ ಅಂತ."

"ನಾ ಕೇಳತೀನಿ. ಎಷ್ಟ ಹೇಳಬೇಕಂತ ನಿನಗ ತಿಳೀಬ್ಯಾಡೇನು?"

ಅವ್ವ ಮಗ್ಗಕ್ಕೆ ಕುಂಕುಮ ಹಚ್ಚುತ್ತ, ಅಪ್ಪನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ನನಗೆ ಹೇಳಿದಳು: "ಡಾಕ್ಟರಬಾಯಿ ಮೊದಲನೇ ದಿನಾನ ಹೇಳಿದ್ಲು, ಲೆನ್ಸ್ ಬದಲಿ ಅಂತ. ಇವ್ರು ಅಂಜಿದ್ರು. ಕೇಳಿಕೋತ ಕೇಳಿಕೋತ ದಿನಾ ದೂಡಿದ್ರು. ನೀನೂ ಹೇಳಿಕೋತ ಹೋದಿ."

ದಸರೆಯ ಬನ್ನಿ ಕೊಟ್ಟ ಮೂರನೆಯ ದಿನ ಅಪ್ಪ ಮತ್ತೆ ಹಸಿರು ಟೊಪ್ಪಿಗೆ ಹಾಕಿಕೊಂಡ. ಪಕ್ಕದ ಮಂಚದಲ್ಲಿ ಸಲಗರ ಬುದ್ರುಕದ ಒಬ್ಬ ಅಜ್ಜ ಇದ್ದ, ಅವನದೂ ಪೊರೆ. ಅಪ್ಪ ಅವನಿಗೆ ಕಣ್ಣಿನ ಒಳಗೆ ನಲವತ್ತು ಮಗ್ಗಗಳ ಶೆಡ್ಡು ನಡೆಸಿ ತೋರಿಸುತ್ತಿದ್ದ, ಒಂದೂ ತಪ್ಪಿಲ್ಲದೆ.

"ಇದನ್ನ ಯಾರ ಹೇಳಿದ್ರು ನಿಮಗ?" ಅಂದ ಅಜ್ಜ.

"ಯಾರ ಹೇಳಬೇಕ್ರಿ. ಶೆಡ್ಡಿನ್ಯಾಗ ಹುಟ್ಟಿ ಬೆಳದವ್ರು ನಾವು."

ಡಾಕ್ಟರು ಬಂದರು. ನಿಜಕ್ಕೂ ಹೆಣ್ಣುಮಗಳೇ, ಮೀಸೆ ಇರಲಿಲ್ಲ. ಹಿಂದಿನದು ನೆನಪಿತ್ತೆಂದು ಕಾಣುತ್ತದೆ, ಮರಾಠಿಯಲ್ಲಿ ಕೇಳಿದರು: ಕಾಕಾ, ಈ ಸಲ ಏನಾದರೂ ಕೇಳುವುದಿದೆಯೇ?

"ನಂದೇನ ಇಲ್ರಿ ಬಾಯಾರ," ಅಂದ ಅಪ್ಪ. "ನಿಮಗ ಏನರ ಕೇಳೂದಿದ್ರ ಕೇಳ್ರಿ."

ಮರುದಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವನು ಮೊದಲು ಚಾದರ ಬೇಡಿದ. ಅಂಗಳದ ಬಿಸಿಲಿನಲ್ಲಿ ಹಾಸಿ, ಕರಿ ಕನ್ನಡಕ ತೆಗೆದು, ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಅವ್ವ ಕನ್ನಡಕ ಹಾಕಿಕೊಳ್ಳಿರೆಂದು ಬೈಯುತ್ತಿದ್ದಳು.

"ಹೊಸಾ ಕಣ್ಣಿಗೆ ನೀಲಿ," ಅಂದ. "ಹಳೀ ಕಣ್ಣಿಗೆ ಇನ್ನೂ ಕಪ್ಪ ಐತಿ."

"ನಾವು ಅವತ್ತ ನೀಲಿ ಅಂತ ಹೇಳಿದ್ವಲ್ಲ," ಅಂದೆ ನಾನು.

"ಹೇಳಿದಾಕಿ ಅಕಿ," ಅಂದ ಅಪ್ಪ. "ನೀ ಕಪ್ಪ ಅಂದಿ."

ನಾನು ಅವ್ವನ ಕಡೆ ನೋಡಿದೆ. ಉಳಿದ ಎಲ್ಲದರಲ್ಲಿ ಅಪ್ಪನ ಮಾತು ಅಲ್ಲಗಳೆಯುವ ಅವ್ವ ಇದೊಂದರಲ್ಲಿ ತಲೆಯಾಡಿಸಿದಳು. "ಹೌದ. ಬಗ್ಗಿ ಹತ್ತಿರದಿಂದ ನೋಡಿ ಕಪ್ಪ ಐತಿ ಅಪ್ಪಾ ಅಂದಿ. ಅದಕ್ಕ ಅವ್ರು ಶೇಟನ್ನ ಬೈಕೋತ ಮಲಗಿದ್ರು."

ನನ್ನ ಕಣ್ಣುಗಳಲ್ಲಿ ಪೊರೆ ಇಲ್ಲ. ಟ್ಯೂಬ್‌ಲೈಟಿನ ಬೆಳಕು ಕಡಿಮೆಯಿತ್ತು ಎನ್ನಬಹುದು. ಅಪ್ಪನ ಮುಖ ನೋಡಿ ಹಾಗೆ ಅಂದೆನೋ ಏನೋ, ಅದೂ ಆಗಿರಬಹುದು. ಎರಡೂ ನನಗೆ ನೆನಪಿಲ್ಲ. ನೆನಪಿರುವುದು ನೀಲಿ ಅಂದದ್ದು.

ದಿವಾಳಿಗೆ ನಾಲ್ಕು ದಿನ ಇರುವಾಗ ಅಪ್ಪ ಮತ್ತೆ ಬಸ್ಸು ಹತ್ತಿದ. ಕಂಡಕ್ಟರ್ ಎದ್ದು ಬಂದು ಕಣ್ಣು ನೋಡಿದ, ಹಾಲಿನವನೂ ನೋಡಿದ. ನಾಕಾ ಬಂತು. ಅಪ್ಪ ಮೆಟ್ಟಿಲನ್ನು ನೋಡಿ, ಇಳಿದು, ಗೇಟಿನ ಕಡೆ ನಡೆದ. ಬಾಗಿಲ ಬಳಿ ಸ್ಟೂಲು ಹೊಸ ಬಣ್ಣದಲ್ಲಿ ಖಾಲಿ ನಿಂತಿತ್ತು. ಅಪ್ಪ ಅದರ ಮುಂದೆ ಒಂದು ಗಳಿಗೆ ನಿಂತ, ಎಡಗಣ್ಣು ಮುಚ್ಚಿದ, ಬಲಗಣ್ಣು ಮುಚ್ಚಿದ. ಆಮೇಲೆ ಅದರ ಮೇಲೆ ಬುತ್ತಿ ಇಟ್ಟು, ಚಪ್ಪಲಿಯ ಪಟ್ಟಿ ಬಿಗಿದುಕೊಂಡು, ಬುತ್ತಿ ಎತ್ತಿಕೊಂಡು ಒಳಗೆ ಹೋದ.

ಬಸ್ಸು ಹೊರಟ ಮೇಲೆ ಕಂಡಕ್ಟರ್ ಪಕ್ಕಕ್ಕೆ ಬಂದು ಕೂತ. "ಸರ್, ಆ ಸ್ಟೂಲ ಯಾವ ಬಣ್ಣ ಇತ್ರಿ?"

ಹಸಿರು ಎನ್ನಲು ಬಾಯಿ ತೆರೆದಿದ್ದೆ. "ನಾಳಿ ಅಪ್ಪನ್ನ ಕೇಳಿ ಹೇಳತೀನಿ," ಅಂದೆ.